ಮನೆ ನ್ಯೂಜೆರ್ಸಿಲಿ, ಕೆಲಸ ನ್ಯೂಯಾರ್ಕಲ್ಲಿ: ಸ್ಟೇಟ್ ಟ್ಯಾಕ್ಸ್ ಫೈಲ್ ಮಾಡೋದು ಹೇಗೆ?

ಎಡಿಸನ್, ಜೆರ್ಸಿ ಸಿಟಿ ಕಡೆ ಮನೆ ಮಾಡ್ಕೊಂಡು ಟ್ರೇನ್ ಹತ್ತಿ ಮ್ಯಾನ್‌ಹಟನ್‌ಗೆ ಕೆಲಸಕ್ಕೆ ಹೋಗೋ ಕನ್ನಡದವರು ಸುಮಾರು ಜನ ಇದಾರೆ, ಫೆಡರಲ್ (ಅಮೆರಿಕದ ಕೇಂದ್ರ ಸರ್ಕಾರದ) ರಿಟರ್ನ್ ಹೇಗೋ ಮುಗಿಸ್ತಾರೆ, ಸ್ಟೇಟ್ ವಿಷಯಕ್ಕೆ ಬಂದಾಗ ಒಂದೇ ಸಂಬಳಕ್ಕೆ ಎರಡು ಕಡೆ ಟ್ಯಾಕ್ಸಾ ಅಂತ ಗಾಬರಿ ಬೀಳ್ತಾರೆ. ಎರಡು ಕಡೆ ಫೈಲ್ ಮಾಡ್ಬೇಕು ನಿಜ, ಆದ್ರೆ ಒಂದೇ ಸಂಬಳದ ಮೇಲೆ ಎರಡೂ ಕಡೆ ಪೂರ್ತಿ ಟ್ಯಾಕ್ಸ್ ಕಟ್ಟಬೇಕಾಗಿಲ್ಲ.

ಮೊದಲು ಡಬ್ಲ್ಯೂ-2, ಅಂದ್ರೆ ವರ್ಷದ ಸಂಬಳ, ಹಿಡಿದ ಟ್ಯಾಕ್ಸ್ ತೋರಿಸಿ ಕಂಪನಿ ಕೊಡೋ ಫಾರಂ, ಕೈಗೆ ತಗೊಳ್ಳಿ. 15, 16, 17ನೇ ಬಾಕ್ಸಲ್ಲಿ ಯಾವ ಸ್ಟೇಟು, ಎಷ್ಟು ಸಂಬಳ, ಎಷ್ಟು ಟ್ಯಾಕ್ಸ್ ಹಿಡಿದಿದಾರೆ ಅಂತ ಇರುತ್ತೆ. ಹಾಗೇ ಸಿಟಿ ಟ್ಯಾಕ್ಸ್ ತೋರಿಸೋ 19, 20ನೇ ಬಾಕ್ಸ್ ಕೂಡ ನೋಡಿ. ನ್ಯೂಯಾರ್ಕ್ ಸಿಟಿ ಒಳಗಿನ ಕ್ವೀನ್ಸಿಂದ ಜೆರ್ಸಿಗೆ ಶಿಫ್ಟ್ ಆದ್ಮೇಲೂ ಪೇರೋಲಲ್ಲಿ ಅಡ್ರೆಸ್ ಬದಲಾಗದೆ ನ್ಯೂಯಾರ್ಕ್ ಸಿಟಿ ಟ್ಯಾಕ್ಸ್ ಕಟ್ ಆಗ್ತಾ ಇದ್ರೆ ಅಲ್ಲೇ ಗೊತ್ತಾಗುತ್ತೆ. ಸಿಟಿ ಹೊರಗಿರೋರಿಗೆ ಆ ಟ್ಯಾಕ್ಸ್ 1999ರಲ್ಲೇ ಹೋಯ್ತು, ಹಾಗಾಗಿ ಸಿಟಿ ಬಿಟ್ಟ ಮೇಲೆ ಹಿಡಿದಿದ್ದನ್ನ ರಿಟರ್ನಲ್ಲಿ ವಾಪಸ್ ಕೇಳಿ.

ಈಗ ಆರ್ಡರ್ ತುಂಬಾ ಮುಖ್ಯ: ಮೊದಲು ಕೆಲಸದ ಸ್ಟೇಟು, ಆಮೇಲೆ ಮನೆ ಇರೋ ಸ್ಟೇಟು. ನ್ಯೂಯಾರ್ಕಿಗೆ ನಾನ್‌ರೆಸಿಡೆಂಟ್ (ಅಲ್ಲಿ ವಾಸ ಇಲ್ಲದವರ) ಫಾರಂ ಐಟಿ-203. ಇದ್ರಲ್ಲಿ ಎರಡು ಕಾಲಂ, ಒಂದ್ರಲ್ಲಿ ನಿಮ್ಮ ಒಟ್ಟು ಆದಾಯ, ಇನ್ನೊಂದ್ರಲ್ಲಿ ನ್ಯೂಯಾರ್ಕಲ್ಲಿ ದುಡಿದಿದ್ದು ಮಾತ್ರ. ಒಟ್ಟು ಆದಾಯದ ಮೇಲೆ ಟ್ಯಾಕ್ಸ್ ಲೆಕ್ಕ ಹಾಕಿ, ಅದ್ರಲ್ಲಿ ನ್ಯೂಯಾರ್ಕ್ ಪಾಲು ಎಷ್ಟು ಪರ್ಸೆಂಟೋ ಅಷ್ಟು ತಗೋತಾರೆ. ವಾರಕ್ಕೆ ಎರಡು ದಿನ ವರ್ಕ್ ಫ್ರಂ ಹೋಂ ಇದೆ, ಅದನ್ನ ಕಳೀಬಹುದಲ್ವಾ ಅಂತ ಕೇಳ್ತಾರೆ. ನಿಮ್ಮ ಅನುಕೂಲಕ್ಕೆ ಮನೇಲಿ ಕೂತಿದ್ರೆ ಆ ದಿನಗಳೂ ನ್ಯೂಯಾರ್ಕ್ ಲೆಕ್ಕಕ್ಕೇ ಹೋಗುತ್ತೆ, ಕಂಪನಿಗೇ ಅದು ಅನಿವಾರ್ಯ ಆಗಿದ್ರೆ ಮಾತ್ರ ಕಳೀಬಹುದು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ, ಆದ್ರೆ ರೂಲ್ ಹಾಗಿದೆ.

ಆಮೇಲೆ ನ್ಯೂಜೆರ್ಸಿಗೆ ಎನ್‌ಜೆ-1040. ಇಲ್ಲಿ ಎಲ್ಲಾ ಆದಾಯ ತೋರಿಸ್ಬೇಕು, ಊರಲ್ಲಿಟ್ಟಿರೋ ಎನ್‌ಆರ್‌ಇ (ಹೊರದೇಶದಲ್ಲಿರೋ ಭಾರತೀಯರ ಖಾತೆ) ಎಫ್‌ಡಿ ಬಡ್ಡಿ ಕೂಡ, ಇಂಡಿಯಾದಲ್ಲಿ ಅದಕ್ಕೆ ಟ್ಯಾಕ್ಸ್ ಇಲ್ಲ ಅಂತ ಇಲ್ಲಿ ಬಿಡೋ ಹಾಗಿಲ್ಲ. ಜೊತೆಗೆ ಶೆಡ್ಯೂಲ್ ಎನ್‌ಜೆ-ಸಿಒಜೆ ತುಂಬಿದ್ರೆ ನ್ಯೂಯಾರ್ಕಿಗೆ ಕಟ್ಟಿದ್ದಕ್ಕೆ ಕ್ರೆಡಿಟ್, ಅಂದ್ರೆ ಜೆರ್ಸಿ ಟ್ಯಾಕ್ಸಲ್ಲಿ ಕಡಿತ, ಸಿಗುತ್ತೆ.

ಲೆಕ್ಕ ಹೀಗೆ. ಒಟ್ಟು ಆದಾಯ 1,20,000 ಡಾಲರ್, ಅದ್ರಲ್ಲಿ ನ್ಯೂಯಾರ್ಕ್ ಸಂಬಳ 1,00,000, ನ್ಯೂಜೆರ್ಸಿ ಟ್ಯಾಕ್ಸ್ 5,400, ನ್ಯೂಯಾರ್ಕ್ ಟ್ಯಾಕ್ಸ್ 5,100 ಅಂತ ಇಟ್ಕೊಳ್ಳಿ. ಒಟ್ಟು ಆದಾಯದಲ್ಲಿ ನ್ಯೂಯಾರ್ಕ್ ಸಂಬಳದ ಪಾಲು ಆರರಲ್ಲಿ ಐದು ಭಾಗ, 5,400ರಲ್ಲಿ ಅಷ್ಟು ಅಂದ್ರೆ 4,500. ಇದು ಮತ್ತೆ 5,100 ಎರಡರಲ್ಲಿ ಯಾವುದು ಕಮ್ಮಿಯೋ ಅದೇ ಕ್ರೆಡಿಟ್. ಹಾಗಾಗಿ ಜೆರ್ಸಿಗೆ ಇನ್ನೂ 900 ಕಟ್ಟಬೇಕು. ಇಲ್ಲಿ 17ನೇ ಬಾಕ್ಸಿನ ನಂಬರ್ ಹಾಕಲೇಬೇಡಿ, ಅದು ಹಿಡಿದಿಟ್ಟ ದುಡ್ಡು ಅಷ್ಟೇ. ಐಟಿ-203ರಲ್ಲಿ ಕೊನೆಗೆ ಬಂದ ಟ್ಯಾಕ್ಸೇ ಬೇಕು, ಅದಕ್ಕೇ ಅದನ್ನ ಮೊದಲು ಮಾಡಿ ಅಂದಿದ್ದು.

ಕೆಲಸ ಪೆನ್ಸಿಲ್ವೇನಿಯಾದಲ್ಲಿ ಇದ್ರೆ ಇಷ್ಟೆಲ್ಲಾ ಬೇಡ, ಎರಡೂ ಸ್ಟೇಟಿಗೆ ಒಪ್ಪಂದ ಇದೆ, ಆರ್‌ಇವಿ-419 ಫಾರಂ ಕಂಪನಿಗೆ ಕೊಟ್ರೆ ಅಲ್ಲಿನ ಸ್ಟೇಟ್ ಟ್ಯಾಕ್ಸ್ ಹಿಡಿಯಲ್ಲ. ಅಲ್ಲಿನ ಫಿಲಡೆಲ್ಫಿಯಾದಲ್ಲಿ ಕೆಲಸ ಇದ್ರೆ ಸಿಟಿ ವೇಜ್ (ಸಂಬಳದ) ಟ್ಯಾಕ್ಸ್ ಮಾತ್ರ ತಪ್ಪಲ್ಲ, ಅದಕ್ಕೂ ಜೆರ್ಸಿಲಿ ಕ್ರೆಡಿಟ್ ಕೇಳಬಹುದು.

ನ್ಯೂಯಾರ್ಕ್ ರಿಟರ್ನ್ ಕಾಪಿ ಜೋಪಾನವಾಗಿ ಇಟ್ಕೊಳ್ಳಿ, ಜೆರ್ಸಿಯವರು ಕೇಳಿದ್ರೆ ತೋರಿಸ್ಬೇಕು. ಮತ್ತೆ ಜೆರ್ಸಿಗೆ 400 ಡಾಲರಿಗಿಂತ ಜಾಸ್ತಿ ಬಾಕಿ ಬರೋ ಹಾಗಿದ್ರೆ ವರ್ಷದ ಮಧ್ಯದಲ್ಲೇ ಎನ್‌ಜೆ-1040-ಇಎಸ್ (ಮುಂಗಡ ಟ್ಯಾಕ್ಸ್ ಫಾರಂ) ಮೂಲಕ ಕಂತು ಕಟ್ಕೊಂಡು ಹೋಗಿ, ಇಲ್ಲಾಂದ್ರೆ ಮೇಲೆ ಬಡ್ಡಿ ಬೀಳುತ್ತೆ.