ಮೊದಲು ನಮಾಝ್ ಕಲಿಯಿರಿ: ವುಝೂವಿನಿಂದ ಸಲಾಂವರೆಗೆ, ಅವಸರವಿಲ್ಲದೆ

ಶಹಾದತ್, ನಮಾಝ್, ಝಕಾತ್, ಉಪವಾಸ, ಹಜ್. ಇಸ್ಲಾಮಿನ ಐದು ಸ್ತಂಭಗಳು ಇವು ಅಂತ ಬಹಳ ಜನಕ್ಕೆ ಗೊತ್ತು. ಹೊಸದಾಗಿ ಕಲಿಯುವವರು ಐದನ್ನೂ ಒಟ್ಟಿಗೆ ತಲೆಗೆ ತುಂಬಿಕೊಳ್ಳಲು ಹೋಗಿ ಗಾಬರಿಯಾಗುತ್ತಾರೆ. ಅದು ಬೇಡ. ಹಜ್ ಬದುಕಿಗೆ ಒಂದು ಸಲ, ಉಪವಾಸ ವರ್ಷಕ್ಕೆ ಒಂದು ತಿಂಗಳು, ಝಕಾತ್ ಎಂಬ ಕಡ್ಡಾಯ ದಾನ ವರ್ಷಕ್ಕೊಮ್ಮೆ, ಅದೂ ಇದ್ದವರಿಗೆ. ನಮಾಝ್ ಮಾತ್ರ ದಿನಕ್ಕೆ ಐದು ಸಲ. ಶಹಾದತ್ ಅಂದರೆ ಅಲ್ಲಾಹನ ಹೊರತು ಆರಾಧನೆಗೆ ಅರ್ಹರು ಯಾರೂ ಇಲ್ಲ, ಮುಹಮ್ಮದ್ ಅವನ ಪ್ರವಾದಿ ಎಂದು ಮನಸಾರೆ ಒಪ್ಪಿ ಹೇಳುವುದು; ಆ ಮಾತೂ ಪ್ರತಿ ನಮಾಝಿನೊಳಗೆ ಬರುತ್ತದೆ. ಹಾಗಾಗಿ ನಮಾಝಿನಿಂದಲೇ ಶುರು ಮಾಡೋಣ.

ನಮಾಝಿಗೆ ಮೊದಲು ವುಝೂ, ಅಂದರೆ ನೀರಿನಿಂದ ಶುಚಿಯಾಗುವುದು. ಮುಖ ತೊಳೆಯುವುದು, ಮೊಣಕೈವರೆಗೆ ಕೈ ತೊಳೆಯುವುದು, ತಲೆ ಸವರುವುದು, ಹರಡಿನವರೆಗೆ ಕಾಲು ತೊಳೆಯುವುದು, ಈ ನಾಲ್ಕನ್ನು ಕುರ್‌ಆನಿನ 5ನೇ ಅಧ್ಯಾಯದ 6ನೇ ವಚನವೇ ಹೇಳುತ್ತದೆ. ಪ್ರವಾದಿ ಮಾಡಿ ತೋರಿಸಿದ ಕ್ರಮ ಇನ್ನೂ ಸ್ವಲ್ಪ ವಿಸ್ತಾರವಾಗಿದೆ. ಮನಸ್ಸಿನಲ್ಲಿ ನಿಯ್ಯತ್, ಅಂದರೆ ಸಂಕಲ್ಪ ಮಾಡಿ, ಬಿಸ್ಮಿಲ್ಲಾಹ್ ಹೇಳಿ, ಎರಡೂ ಅಂಗೈಗಳನ್ನು ಮಣಿಕಟ್ಟಿನವರೆಗೆ ತೊಳೆಯಿರಿ. ಬಾಯಿ ಮುಕ್ಕಳಿಸಿ. ಮೂಗಿಗೆ ನೀರೆಳೆದು ಹೊರಹಾಕಿ. ಮುಖವನ್ನು ಕೂದಲಿನ ಅಂಚಿನಿಂದ ಗಲ್ಲದ ಕೆಳಗಿನವರೆಗೆ, ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ತೊಳೆಯಿರಿ. ಬಲಗೈ, ಆಮೇಲೆ ಎಡಗೈ, ಮೊಣಕೈ ಸೇರಿಸಿ. ಒದ್ದೆ ಕೈಯಿಂದ ತಲೆ ಸವರಿ, ಕಿವಿಯ ಒಳಗೂ ಹಿಂದೆಯೂ ಬೆರಳಾಡಿಸಿ. ಕೊನೆಗೆ ಬಲಗಾಲು, ಎಡಗಾಲು. ತೊಳೆಯುವುದನ್ನೆಲ್ಲ ಮೂರು ಸಲ ಮಾಡುವುದು ರೂಢಿ, ಒಂದು ಸಲ ಪೂರ್ತಿ ನೀರು ತಾಗಿದರೂ ವುಝೂ ಆಗುತ್ತದೆ. ತಲೆ ಸವರಲು ಒಂದು ಸಲ ಸಾಕು ಅನ್ನುವವರೇ ಜಾಸ್ತಿ.

ಹಿಮ್ಮಡಿಯನ್ನು ಮಾತ್ರ ಮರೆಯಬೇಡಿ. ಅವಸರದಲ್ಲಿ ಒಣಗಿಯೇ ಉಳಿಯುವ ಜಾಗ ಅದು. ಕಾಲ್ಬೆರಳ ಸಂದಿಗಳಲ್ಲೂ ಕೈಬೆರಳು ಆಡಿಸಿ. ಹಾಗಂತ ನಲ್ಲಿ ಬಿಟ್ಟುಕೊಂಡು ನೀರು ಪೋಲು ಮಾಡುವುದು ಕೂಡ ತಪ್ಪೇ. ಶೌಚಕ್ಕೆ ಹೋದರೆ, ಗಾಳಿ ಹೋದರೆ, ಗಾಢ ನಿದ್ದೆ ಬಂದರೆ ವುಝೂ ಮುರಿಯುತ್ತದೆ, ಮತ್ತೆ ಮಾಡಬೇಕು. ನೀರೇ ಸಿಗದಿದ್ದರೆ, ಅಥವಾ ನೀರು ಮುಟ್ಟಿದರೆ ಕಾಯಿಲೆ ಹೆಚ್ಚುತ್ತದೆ ಅಂತಿದ್ದರೆ, ಶುದ್ಧ ಮಣ್ಣು ಮುಟ್ಟಿ ಮುಖ ಮತ್ತು ಕೈ ಸವರಿಕೊಳ್ಳುವ ತಯಮ್ಮುಮ್ ಇದೆ.

ಇನ್ನು ಹೊತ್ತು. ನಸುಕು ಹರಿದಾಗಿನಿಂದ ಸೂರ್ಯ ಹುಟ್ಟುವವರೆಗೆ ಫಜ್ರ್, 2 ರಕಅತ್ (ನಿಂತು, ಬಾಗಿ, ಹಣೆ ನೆಲಕ್ಕಿಡುವ ಒಂದು ಸುತ್ತಿಗೆ ರಕಅತ್ ಅನ್ನುತ್ತಾರೆ). ನಡುಹಗಲು ಕಳೆದು ಸೂರ್ಯ ವಾಲಿದ ಮೇಲೆ ಝುಹ್ರ್, 4. ಇಳಿಹೊತ್ತಿನಲ್ಲಿ ಅಸ್ರ್, 4. ಸೂರ್ಯ ಮುಳುಗಿದ ಕೂಡಲೇ ಮಗ್ರಿಬ್, 3. ಸಂಜೆಯ ಬೆಳಕು ಪೂರ್ತಿ ಆರಿದ ಮೇಲೆ ಇಶಾ, 4. ದಿನಕ್ಕೆ ಒಟ್ಟು 17 ಕಡ್ಡಾಯ ರಕಅತ್‌ಗಳು. ಶುಕ್ರವಾರ ಝುಹ್ರ್ ಜಾಗದಲ್ಲಿ ಖುತ್ಬಾ, ಅಂದರೆ ಪ್ರವಚನ ಕೇಳಿ 2 ರಕಅತ್ ಜುಮಾ.

ಫಜ್ರ್ ನಮಾಝಿನ ಎರಡು ರಕಅತ್ ಕಲಿತರೆ ಉಳಿದವೂ ಬಂದಂತೆಯೇ. ಮೈ, ಬಟ್ಟೆ, ನಿಂತ ಜಾಗ ಶುಚಿಯಾಗಿರಬೇಕು. ಗಂಡಸರಿಗೆ ಕನಿಷ್ಠ ಹೊಕ್ಕುಳಿನಿಂದ ಮಂಡಿವರೆಗೆ, ಹೆಂಗಸರಿಗೆ ಮುಖ, ಮಣಿಕಟ್ಟಿನವರೆಗಿನ ಕೈ ಬಿಟ್ಟು ಉಳಿದದ್ದು ಮುಚ್ಚಿರಬೇಕು. ಮಕ್ಕಾದ ಕಾಬಾ ಕಡೆಗೆ, ಅಂದರೆ ಕಿಬ್ಲಾ ಕಡೆಗೆ ಮುಖ ಮಾಡಿ ನಿಲ್ಲಿ. ಯಾವ ನಮಾಝ್ ಅಂತ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ.

ಎರಡೂ ಕೈ ಎತ್ತಿ ಅಲ್ಲಾಹು ಅಕ್ಬರ್ ಅನ್ನಿ. ಇಲ್ಲಿಗೆ ನಮಾಝ್ ಶುರುವಾಯಿತು, ಇನ್ನು ಮಾತಿಲ್ಲ, ಅತ್ತಿತ್ತ ನೋಡುವುದಿಲ್ಲ, ಕಣ್ಣು ಸಜ್ದಾ ಮಾಡುವ, ಅಂದರೆ ಹಣೆ ನೆಲಕ್ಕಿಡುವ ಜಾಗದ ಮೇಲೆ. ಬಲಗೈಯನ್ನು ಎಡಗೈ ಮೇಲೆ ಕಟ್ಟಿ. ಕೆಲವರು ಎದೆಯ ಮೇಲೆ, ಕೆಲವರು ಹೊಕ್ಕುಳ ಕೆಳಗೆ ಕಟ್ಟುತ್ತಾರೆ, ಮಾಲಿಕಿ ಪಂಥದವರಲ್ಲಿ ಬಹಳ ಜನ ಕೈ ಇಳಿಬಿಡುತ್ತಾರೆ. ಪಕ್ಕದವರು ಬೇರೆ ಥರ ಮಾಡಿದರೆ ತಲೆ ಕೆಡಿಸಿಕೊಳ್ಳಬೇಡಿ. ಏಳು ವಚನಗಳ ಸೂರಃ ಫಾತಿಹಾ ಓದಿ, ಆಮೇಲೆ ಕುರ್‌ಆನಿನ ಇನ್ನೊಂದಿಷ್ಟು ಭಾಗ. ಶುರುವಿಗೆ ಸೂರಃ ಇಖ್ಲಾಸ್ ಸಾಕು, ನಾಲ್ಕೇ ವಚನ.

ಅಲ್ಲಾಹು ಅಕ್ಬರ್ ಅನ್ನುತ್ತಾ ಬಾಗಿ. ಇದು ರುಕೂ. ಅಂಗೈಗಳು ಮಂಡಿಯ ಮೇಲೆ, ಬೆನ್ನು ಸಮನಾಗಿ, ತಲೆ ಬೆನ್ನಿನ ಮಟ್ಟಕ್ಕೆ. ಸುಬ್ಹಾನ ರಬ್ಬಿಯಲ್ ಅಝೀಮ್ ಅಂತ ಮೂರು ಸಲ ಹೇಳಿ. ಸಮಿಅಲ್ಲಾಹು ಲಿಮನ್ ಹಮಿದಃ ಅನ್ನುತ್ತಾ ಎದ್ದು ನೆಟ್ಟಗೆ ನಿಲ್ಲಿ, ರಬ್ಬನಾ ಲಕಲ್ ಹಮ್ದ್ ಅನ್ನಿ. ಆಮೇಲೆ ಸಜ್ದಾ. ಮೂಗು ಸೇರಿದ ಹಣೆ, ಎರಡು ಅಂಗೈ, ಎರಡು ಮಂಡಿ, ಎರಡೂ ಪಾದದ ಬೆರಳುಗಳು, ಹೀಗೆ ಏಳು ಅಂಗ ನೆಲಕ್ಕೆ ತಾಗಬೇಕು. ಮೊಣಕೈ ನೆಲಕ್ಕೆ ಚಾಚಬಾರದು. ಸುಬ್ಹಾನ ರಬ್ಬಿಯಲ್ ಅಅಲಾ ಮೂರು ಸಲ. ಎದ್ದು ಒಂದು ಗಳಿಗೆ ಕೂತು ಇನ್ನೊಂದು ಸಜ್ದಾ. ಒಂದು ರಕಅತ್ ಮುಗಿಯಿತು.

ಎದ್ದು ನಿಂತು ಇದನ್ನೇ ಮತ್ತೊಮ್ಮೆ ಮಾಡಿ, ಎರಡನೇ ರಕಅತಿನ ಕೊನೆಯ ಸಜ್ದಾ ಆದ ಮೇಲೆ ಕೂತು ಅತ್ತಹಿಯ್ಯಾತ್ ಎಂಬ ಪ್ರಾರ್ಥನೆ ಮತ್ತು ಪ್ರವಾದಿಗಾಗಿ ಬೇಡುವ ದರೂದ್ ಓದಿ. ಶಹಾದತ್ ಬರುವುದು ಈ ಅತ್ತಹಿಯ್ಯಾತಿನಲ್ಲೇ. ಬಲಕ್ಕೂ ಎಡಕ್ಕೂ ಮುಖ ತಿರುಗಿಸಿ ಸಲಾಂ ಹೇಳಿದರೆ ನಮಾಝ್ ಪೂರ್ಣ. ಮೂರು, ನಾಲ್ಕು ರಕಅತಿನ ನಮಾಝಾದರೆ ಎರಡರ ನಂತರ ಅತ್ತಹಿಯ್ಯಾತ್ ಓದಿ ಸಲಾಂ ಹೇಳದೆ ಏಳುತ್ತೀರಿ, ಮುಂದಿನ ರಕಅತ್‌ಗಳಲ್ಲಿ ಫಾತಿಹಾ ಒಂದೇ ಓದಿದರೆ ಆಯಿತು, ಕೂತು ಸಲಾಂ ಹೇಳುವುದು ಕೊನೆಯಲ್ಲಿ. ಎಷ್ಟು ರಕಅತ್ ಆಯಿತು ಅಂತ ಮರೆತು, ಎರಡೋ ಮೂರೋ ಅನ್ನುವ ಅನುಮಾನ ಹೋಗಲೇ ಇಲ್ಲವಾದರೆ, ಎರಡು ಅಂತ ಹಿಡಿದು ಮುಂದುವರಿಸಿ, ಕೊನೆಯಲ್ಲಿ ಮರೆವಿನ ಎರಡು ಸಜ್ದಾ ಮಾಡಿ.

ನನಗೆ ಬಹಳ ಮುಖ್ಯ ಅನ್ನಿಸುವುದು ಇಲ್ಲಿದೆ. ಪ್ರವಾದಿಯವರ ಮಸೀದಿಗೆ ಒಬ್ಬರು ಬಂದು ಅವಸರವಸರವಾಗಿ ನಮಾಝ್ ಮಾಡಿದರು. ಹೋಗಿ ಮತ್ತೆ ನಮಾಝ್ ಮಾಡು, ನೀನು ನಮಾಝ್ ಮಾಡಲಿಲ್ಲ ಅಂದರು ಪ್ರವಾದಿ. ಹೀಗೆ ಮೂರು ಸಲ ಆಯಿತು. ಇದಕ್ಕಿಂತ ಚೆನ್ನಾಗಿ ನನಗೆ ಬರುವುದಿಲ್ಲ, ಕಲಿಸಿಕೊಡಿ ಅಂತ ಆತ ಕೇಳಿದಾಗ ಪ್ರವಾದಿ ಹೇಳಿಕೊಟ್ಟದ್ದರಲ್ಲಿ ಮುಖ್ಯವಾದದ್ದು ಇದು: ರುಕೂವಿನಲ್ಲಿ ಮೈ ಸ್ಥಿರವಾಗುವವರೆಗೆ ಇರು, ಎದ್ದು ನೆಟ್ಟಗೆ ನಿಲ್ಲು, ಸಜ್ದಾದಲ್ಲೂ ಸ್ಥಿರವಾಗು, ನಡುವೆ ಕೂತಾಗಲೂ ಹಾಗೆಯೇ. ಅರಬಿ ಉಚ್ಚಾರ ತಿದ್ದಿಕೊಳ್ಳಲು ಸಮಯ ಬೇಕು, ಅದು ಸರಿ. ಆದರೆ ನಿಧಾನವಾಗಿ ಮಾಡಲು ಯಾವ ವಿದ್ಯೆಯೂ ಬೇಡ ಅಲ್ವಾ? ನಿಲ್ಲಲು ಆಗದವರು ಕೂತು, ಕೂರಲು ಆಗದವರು ಮಲಗಿಯೇ ಸನ್ನೆಯಲ್ಲಿ ಮಾಡಬಹುದು. ದೂರದ ಪ್ರಯಾಣದಲ್ಲಿ ನಾಲ್ಕು ರಕಅತ್‌ಗಳನ್ನು ಎರಡಕ್ಕೆ ಇಳಿಸಬಹುದು.

ಇನ್ನು ಉಳಿದ ಸ್ತಂಭಗಳು, ಚುಟುಕಾಗಿ. ರಂಝಾನ್ ಉಪವಾಸಕ್ಕೆ ನಸುಕಿಗೆ ಮುಂಚೆ ಸಹರಿ ಊಟ, ಸೂರ್ಯ ಮುಳುಗಿದ ತಕ್ಷಣ ಇಫ್ತಾರ್. ನಡುವೆ ಅನ್ನ, ನೀರು, ದಾಂಪತ್ಯದ ಸಂಬಂಧ ಯಾವುದೂ ಇಲ್ಲ. ನೆನಪಿಲ್ಲದೆ ನೀರು ಕುಡಿದುಬಿಟ್ಟರೆ ಉಪವಾಸ ಹೋಯಿತು ಅಂತ ಬೇಜಾರಾಗಬೇಡಿ, ನೆನಪಾದ ಕೂಡಲೇ ನಿಲ್ಲಿಸಿ ಮುಂದುವರಿಸಿ. ರೋಗಿಗಳು, ಪ್ರಯಾಣಿಕರು ಉಪವಾಸ ಬಿಡಬಹುದು, ಬಿಟ್ಟ ದಿನಗಳನ್ನು ಆಮೇಲೆ ತೀರಿಸಬೇಕು. ಮುಟ್ಟಿನ ದಿನಗಳಲ್ಲಿ ಹೆಂಗಸರಿಗೆ ನಮಾಝೂ ಇಲ್ಲ, ಉಪವಾಸವೂ ಇಲ್ಲ. ಉಪವಾಸ ಮಾತ್ರ ಆಮೇಲೆ ತೀರಿಸಬೇಕು. ವಯಸ್ಸಾಗಿ ಆಗುವುದೇ ಇಲ್ಲ ಅನ್ನುವವರು ದಿನಕ್ಕೊಬ್ಬ ಬಡವರಿಗೆ ಊಟ ಕೊಡುತ್ತಾರೆ.

ಝಕಾತಿಗೆ ಲೆಕ್ಕ ಸರಳ. ಸುಮಾರು 85 ಗ್ರಾಂ ಚಿನ್ನದ ಬೆಲೆಯಷ್ಟು ಅಥವಾ ಅದಕ್ಕಿಂತ ಹೆಚ್ಚು ಉಳಿತಾಯ ಒಂದು ಚಾಂದ್ರ ವರ್ಷ ನಿಮ್ಮ ಬಳಿ ಇದ್ದರೆ, ಅದರಲ್ಲಿ 2.5 ಶೇಕಡಾ, ಅಂದರೆ 40ರಲ್ಲಿ ಒಂದು ಪಾಲು. ಬೆಳ್ಳಿಯ ಲೆಕ್ಕ ಹಿಡಿಯುವವರಿಗೆ ಮಿತಿ ಇನ್ನೂ ಕಡಿಮೆ. ವಾಸದ ಮನೆ, ದಿನಬಳಕೆಯ ಸಾಮಾನು ಲೆಕ್ಕಕ್ಕಿಲ್ಲ. ಯಾರಿಗೆ ಕೊಡಬೇಕು ಅಂತ ಕುರ್‌ಆನ್ ಎಂಟು ವರ್ಗಗಳನ್ನು ಹೇಳಿದೆ. ಬಡವರು, ಸಾಲದಲ್ಲಿ ಸಿಕ್ಕಿಬಿದ್ದವರು, ದಾರಿಹೋಕರು ಅದರಲ್ಲಿದ್ದಾರೆ. ತೆಗೆದುಕೊಳ್ಳುವವರಿಗೆ ಹಂಗಿಸಿ ಮಾತಾಡಿದರೆ ಕೊಟ್ಟದ್ದು ವ್ಯರ್ಥ.

ಹಜ್ ವಿಧಿಗಳು ಇಸ್ಲಾಮೀ ಕ್ಯಾಲೆಂಡರಿನ ದುಲ್‌ಹಜ್ ತಿಂಗಳ 8ರಿಂದ ನಡೆಯುತ್ತವೆ. ಇಹ್ರಾಮ್ ಎಂಬ ಯಾತ್ರೆಯ ಉಡುಪು ತೊಟ್ಟು ಮಕ್ಕಾ ಹತ್ತಿರದ ಮಿನಾ, 9ರಂದು ಅರಫಾತ್ ಬಯಲು, ರಾತ್ರಿ ಮುಝ್ದಲಿಫಾದಲ್ಲಿ ತಂಗುವುದು, ಆಮೇಲೆ ಸೈತಾನನ ಸಂಕೇತವಾದ ಜಮರಾತ್‌ಗಳಿಗೆ ಕಲ್ಲೆಸೆತ, ಬಲಿದಾನ, ಕೂದಲು ತೆಗೆಸುವುದು, ಕಾಬಾಕ್ಕೆ ಏಳು ಸುತ್ತು, ಸಫಾ ಮರ್ವಾ ಬೆಟ್ಟಗಳ ನಡುವೆ ಏಳು ಓಡಾಟ. ಅರಫಾತ್ ತಪ್ಪಿದರೆ ಹಜ್ ಆಗುವುದಿಲ್ಲ. ಹೊರಡುವ ಮುನ್ನ ಸಾಲ ತೀರಿಸಬೇಕು, ತಾನು ಬರುವವರೆಗೆ ಮನೆಯವರಿಗೆ ಬೇಕಾದಷ್ಟು ಖರ್ಚು ಇಟ್ಟಿರಬೇಕು. ಅಷ್ಟು ಶಕ್ತಿ, ಆರೋಗ್ಯ ಇಲ್ಲದವರ ಮೇಲೆ ಹಜ್ ಕಡ್ಡಾಯವೇ ಅಲ್ಲ.