ಎರಡು ಸರ್ವರ್, ಒಂದೇ ಸ್ಟೋರೇಜ್: ಪತ್ತಿನ ಸಂಘಕ್ಕೆ ಡೇಟಾಬೇಸ್ ಕ್ಲಸ್ಟರ್ ಕಟ್ಟೋದು ಹೇಗೆ

ಹುಬ್ಬಳ್ಳಿಯ ಯಾವುದೇ ಪತ್ತಿನ ಸಂಘಕ್ಕೆ ಸಂಜೆ ಹೊತ್ತು ಹೋಗಿ ನೋಡಿ. ದುರ್ಗದಬೈಲ್, ಕೊಪ್ಪಿಕರ್ ರಸ್ತೆಯ ಅಂಗಡಿಗಳನ್ನೆಲ್ಲ ಸುತ್ತಿಕೊಂಡು ಪಿಗ್ಮಿ ಏಜೆಂಟರು ಬಂದಿರುತ್ತಾರೆ, ಒಬ್ಬೊಬ್ಬರಾಗಿ ಮಷಿನ್ ಜೋಡಿಸಿ ದಿನದ ವಸೂಲಿಯನ್ನು ಸರ್ವರ್‌ಗೆ ಏರಿಸುತ್ತಾರೆ, ಗದಗ, ಹಾವೇರಿ ಶಾಖೆಗಳೂ ಅದೇ ಹೊತ್ತಿಗೆ ಲೆಕ್ಕ ಮುಗಿಸುತ್ತಿರುತ್ತವೆ. ಆಗ ಡೇಟಾಬೇಸ್ ಸರ್ವರ್ ನಿಂತರೆ ಡೇ-ಎಂಡ್ ನಿಲ್ಲುತ್ತದೆ. ಇಂಥ ಕಡೆ ಎರಡು ಸರ್ವರ್, ಅವೆರಡಕ್ಕೂ ಒಂದೇ ಸ್ಟೋರೇಜ್ ಇಟ್ಟು ಕ್ಲಸ್ಟರ್, ಅಂದರೆ ಒಂದು ನಿಂತರೆ ಇನ್ನೊಂದು ಕೆಲಸ ಎತ್ತಿಕೊಳ್ಳುವ ಜೋಡಿ, ಕಟ್ಟೋದು ಹೇಗೆ ಅಂತ ಬರೆಯುತ್ತಿದ್ದೇನೆ. ಡೇಟಾಬೇಸ್ ಪೋಸ್ಟ್‌ಗ್ರೆಸ್, ಕ್ಲಸ್ಟರ್ ನಡೆಸೋದು ಪೇಸ್‌ಮೇಕರ್ (ಯಾವುದು ಎಲ್ಲಿ ಓಡಬೇಕು ಅಂತ ನಿರ್ಧರಿಸುತ್ತದೆ) ಮತ್ತು ಕೋರೋಸಿಂಕ್ (ಸರ್ವರ್‌ಗಳ ನಡುವಿನ ಸಂದೇಶ ನೋಡಿಕೊಳ್ಳುತ್ತದೆ), ಲಿನಕ್ಸ್ ರಾಕಿ 9 ಅಥವಾ ಆಲ್ಮಾ 9.

ಎರಡನೇ ಸರ್ವರನ್ನು ಎಬ್ಬಿಸೋದು ಸುಲಭ. ಮೊದಲನೆಯದು ನಿಜಕ್ಕೂ ಬಂದ್ ಆಗಿದೆ ಅಂತ ಖಾತ್ರಿ ಮಾಡಿಕೊಳ್ಳೋದೇ ಕಷ್ಟ. ಎಕ್ಸ್‌ಎಫ್‌ಎಸ್, ಎಕ್ಸ್ಟ್4 ಇವೆಲ್ಲ ಒಂದು ಹೊತ್ತಿಗೆ ಒಂದೇ ಸರ್ವರ್ ಮೌಂಟ್ ಮಾಡಲಿ (ಡಿಸ್ಕನ್ನು ಜೋಡಿಸಿಕೊಂಡು ಬಳಸಲಿ) ಅಂತ ಮಾಡಿದ ಫೈಲ್ ಸಿಸ್ಟಮ್‌ಗಳು. ಎರಡೂ ಕಡೆ ಮೌಂಟ್ ಆದರೆ, ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಗುಮಾಸ್ತರು ಒಂದೇ ಕಿರ್ದಿ ಪುಸ್ತಕದ ಒಂದೇ ಸಾಲಿನ ಮೇಲೆ ಬರೆದ ಹಾಗೆ. ಪೋಸ್ಟ್‌ಗ್ರೆಸ್‌ನ ಪಿಐಡಿ ಫೈಲ್ (ತಾನು ಓಡುತ್ತಿದ್ದೇನೆ ಅಂತ ಅದು ಬರೆದಿಡುವ ಗುರುತು) ಕಾಪಾಡುತ್ತದೆ ಅಂದುಕೊಳ್ಳಬೇಡಿ. ಅದು ಒಂದೇ ಮಷಿನ್ ಒಳಗಿನ ಕಾವಲು, ಪಕ್ಕದ ಮಷಿನ್‌ನಲ್ಲಿ ಏನು ಓಡುತ್ತಿದೆ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಕೊಳ್ಳುವ ಮೊದಲು

ಸ್ಟೋರೇಜ್ ಇನ್ನೂ ಕೊಂಡಿಲ್ಲ ಅಂದರೆ ಒಮ್ಮೆ ಯೋಚಿಸಿ. ಪತ್ರೋನಿ ಅನ್ನುವ ತಂತ್ರಾಂಶ ಬಳಸಿ ಸ್ಟ್ರೀಮಿಂಗ್ ರೆಪ್ಲಿಕೇಶನ್ (ಬದಲಾವಣೆಗಳು ಆಗಾಗಲೇ ಇನ್ನೊಂದು ಸರ್ವರ್‌ನ ಪ್ರತಿಗೆ, ಅಂದರೆ ರೆಪ್ಲಿಕಾಗೆ, ಹೋಗುವುದು) ಮಾಡಿದರೆ ಪ್ರತಿ ಸರ್ವರ್‌ಗೂ ಅದರದೇ ಡಿಸ್ಕ್ ಸಾಕು, ಆದರೆ ಮುಖ್ಯ ಸರ್ವರ್ ಯಾವುದು ಅಂತ ದಾಖಲೆ ಇಡುವ ಈಟಿಸಿಡಿಗೆ ಅಂತ ಮೂರು ಮಷಿನ್ ಬೇಕು. ಒಳ್ಳೆಯ ಸ್ಟೋರೇಜ್ ಆಗಲೇ ಇದ್ದರೆ, ಡೇಟಾ ಜಾಸ್ತಿ ಇದ್ದರೆ, ಕಮಿಟ್ ಆದ (ಡೇಟಾಬೇಸ್ ಖಾಯಂ ಮಾಡಿದ) ಒಂದು ಎಂಟ್ರಿಯೂ ಹೋಗಬಾರದು ಅಂತಿದ್ದರೆ ಹಂಚಿಕೊಂಡ ಸ್ಟೋರೇಜ್ ಚೆನ್ನಾಗಿ ಕೆಲಸ ಮಾಡುತ್ತದೆ. ಎರಡನೇ ಸರ್ವರ್ ಏಳುವಾಗ ಅದೇ ಡಿಸ್ಕನ್ನೇ ಓದುವುದರಿಂದ ರೆಪ್ಲಿಕಾ ಹಿಂದೆ ಬಿದ್ದಿತ್ತು ಅನ್ನುವ ಪ್ರಶ್ನೆಯೇ ಬರುವುದಿಲ್ಲ.

ಆಡಳಿತ ಮಂಡಳಿ ಸಭೆಯಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ: "ಎರಡನೇ ಸರ್ವರ್ ಸುಮ್ನ ಕೂತಿರ್ತದಲ್ರೀ, ಅದಕ್ಯಾಕ ಅಷ್ಟು ರೊಕ್ಕ?" ನೇರವಾಗಿ ಹೇಳಿ, ಹೌದು ಸಾಹೇಬ್ರೇ, ಡೇಟಾಬೇಸ್ ಮಟ್ಟಿಗೆ ಅದು ಸುಮ್ಮನೆ ಕೂರುತ್ತದೆ, ಅದರ ಕೆಲಸವೇ ಅದು. ಎರಡನೆಯದನ್ನು ಕಡಿಮೆ ರ್‍ಯಾಮ್, ಕಡಿಮೆ ಕೋರ್ ಹಾಕಿ ಅಗ್ಗ ಮಾಡಲು ಹೋಗಬೇಡಿ. ಫೇಲ್‌ಓವರ್ ಆದ ದಿನ, ಅಂದರೆ ಕೆಲಸ ಎರಡನೆಯದಕ್ಕೆ ಬಂದ ದಿನ, ಪೂರ್ತಿ ಭಾರ ಅದರ ಮೇಲೆಯೇ ಬೀಳುತ್ತದೆ.

ಸ್ಟೋರೇಜ್‌ಗೆ ಎರಡು ಕಂಟ್ರೋಲರ್ ಇರಲಿ, ಡೇಟಾ ತಾತ್ಕಾಲಿಕವಾಗಿ ಕೂರುವ ಕ್ಯಾಶ್ ಮೆಮೊರಿಗೆ ಬ್ಯಾಟರಿ ಇರಲಿ, ಡಿಸ್ಕ್ ರೇಡ್ 10 (ಒಂದೇ ಡೇಟಾ ಎರಡು ಡಿಸ್ಕಿನಲ್ಲಿ ಇರುವ ಜೋಡಣೆ) ಇರಲಿ, ಜೊತೆಗೆ ಒಂದು ಹಾಟ್ ಸ್ಪೇರ್, ಅಂದರೆ ಸಿದ್ಧವಾಗಿ ಕೂತ ಬದಲಿ ಡಿಸ್ಕ್. ಎಸ್‌ಸಿಎಸ್‌ಐ-3 ಪರ್ಸಿಸ್ಟೆಂಟ್ ರಿಸರ್ವೇಶನ್ (ಡಿಸ್ಕಿಗೆ ಯಾರು ಬರೆಯಬಹುದು ಅಂತ ಸ್ಟೋರೇಜೇ ತಡೆಯುವ ಸೌಲಭ್ಯ) ಬರುತ್ತದಾ ಅಂತ ಮಾರುವವರ ಹತ್ತಿರ ಬರಹದಲ್ಲೇ ಕೇಳಿ ತಗೊಳ್ಳಿ. ಫೆನ್ಸಿಂಗ್‌ಗೆ, ಅಂದರೆ ಕೆಟ್ಟ ಸರ್ವರ್ ಡಿಸ್ಕ್ ಮುಟ್ಟದ ಹಾಗೆ ಕಡಿದುಹಾಕಲು, ಅದು ಬೇಕಾಗುತ್ತದೆ.

ಕರೆಂಟ್ ವಿಷಯ ನಮ್ಮ ಕಡೆ ಸಣ್ಣದಲ್ಲ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ವೋಲ್ಟೇಜ್ ಕುಣಿಯುತ್ತದೆ. ಪ್ರತಿ ಸರ್ವರ್‌ಗೂ, ಸ್ಟೋರೇಜ್‌ಗೂ ಎರಡೆರಡು ಪವರ್ ಸಪ್ಲೈ ಇರುತ್ತವಲ್ಲ, ಅವುಗಳಲ್ಲಿ ಒಂದನ್ನು ಮೊದಲ ಯುಪಿಎಸ್‌ಗೆ, ಇನ್ನೊಂದನ್ನು ಎರಡನೇ ಯುಪಿಎಸ್‌ಗೆ ಕೊಡಿ. ಎರಡನ್ನೂ ಒಂದೇ ಯುಪಿಎಸ್‌ಗೆ ಸಿಕ್ಕಿಸಿಟ್ಟರೆ ಎರಡು ಸಪ್ಲೈ ಇದ್ದೂ ಏನೂ ಬರಲಿಲ್ಲ. ಅರ್ಥಿಂಗ್ ಅಳತೆ ಮಾಡಿಸಿ, ಎಸಿ ರಾತ್ರಿಯೂ ಓಡುವ ಹಾಗೆ ನೋಡಿಕೊಳ್ಳಿ.

ನೆಟ್‌ವರ್ಕ್ ಮತ್ತು ಡಿಸ್ಕ್

ಎರಡು ಸರ್ವರ್‌ಗಳ ಹಾರ್ಟ್‌ಬೀಟ್‌ಗೆ, ಅಂದರೆ ನಾನು ಬದುಕಿದ್ದೇನೆ ಅಂತ ಒಂದಕ್ಕೊಂದು ಕಳಿಸುವ ಸಂದೇಶಕ್ಕೆ, ಎರಡು ದಾರಿ ಬೇಕು. ಒಂದು ಸ್ವಿಚ್ ಮೂಲಕ ಹೋಗಲಿ, ಇನ್ನೊಂದು ಸರ್ವರ್‌ನಿಂದ ಸರ್ವರ್‌ಗೆ ನೇರ ಕೇಬಲ್. ಈಗಿನ ಕೋರೋಸಿಂಕ್ 8 ಲಿಂಕ್ ತನಕ ತಗೊಳ್ಳುತ್ತದೆ, ನಮಗೆ ಎರಡು ಸಾಕು. ಹೀಗೆ ಮಾಡಿದರೆ ಸ್ವಿಚ್ ಕೆಟ್ಟರೂ ಸರ್ವರ್‌ಗಳು ಒಂದನ್ನೊಂದು ಸತ್ತಿದೆ ಅಂದುಕೊಳ್ಳುವುದಿಲ್ಲ. ಫೈರ್‌ವಾಲ್‌ನಲ್ಲಿ ಹೈ-ಅವೇಲೆಬಿಲಿಟಿ ಸರ್ವಿಸ್ ತೆರೆದರೆ ಟಿಸಿಪಿ 2224, ಯುಡಿಪಿ 5405 ಎಲ್ಲ ತೆರೆಯುತ್ತವೆ, ಪೋಸ್ಟ್‌ಗ್ರೆಸ್‌ನ 5432 ಬೇರೆಯಾಗಿ ತೆರೆಯಿರಿ. ಕ್ರೋನಿ ಹಾಕಿ ಎರಡರ ಗಡಿಯಾರ ಒಂದೇ ಮಾಡಿ. ಎರಡರ ಹೆಸರೂ ಐಪಿಯೂ ಎರಡೂ ಕಡೆಯ ಹೋಸ್ಟ್ಸ್ ಫೈಲ್‌ನಲ್ಲಿ ಇರಲಿ.

ಐಸ್ಕಸಿ (ನೆಟ್‌ವರ್ಕ್ ಮೂಲಕ ಡಿಸ್ಕ್ ಕೊಡುವ ವಿಧಾನ) ಬಳಸುವುದಾದರೆ ಅದಕ್ಕೆ ಬೇರೆ ನೆಟ್‌ವರ್ಕ್, ಬೇರೆ ಎರಡು ಪೋರ್ಟ್. ಒಂದು ಸರ್ವರ್‌ನ ಡಿಸ್ಕ್ ಇಮೇಜ್ ತೆಗೆದು ಇನ್ನೊಂದನ್ನು ಮಾಡಿದ್ದರೆ ಎರಡರ ಇನಿಶಿಯೇಟರ್ ಹೆಸರೂ (ಸ್ಟೋರೇಜ್‌ಗೆ ಸರ್ವರ್ ಹೇಳುವ ತನ್ನ ಹೆಸರು) ಒಂದೇ ಆಗಿರುತ್ತದೆ. ಲಾಗಿನ್ ಆಗುವ ಮೊದಲೇ ಅದನ್ನು ಬದಲಿಸಿ. ಐಸ್ಕಸಿಯ ರಿಪ್ಲೇಸ್‌ಮೆಂಟ್ ಟೈಮ್‌ಔಟ್ (ಕಡಿದ ದಾರಿ ವಾಪಸ್ ಬರಲಿ ಅಂತ ಕಾಯುವ ಹೊತ್ತು) ಮೂಲದಲ್ಲಿ 120 ಸೆಕೆಂಡ್ ಇರುತ್ತದೆ, ಮಲ್ಟಿಪಾಥ್ (ಒಂದೇ ಡಿಸ್ಕಿಗೆ ಹಲವು ದಾರಿ) ಹಾಕಿದಾಗ ಅದನ್ನು 5ಕ್ಕೆ ಇಳಿಸಿ, ಇಲ್ಲದಿದ್ದರೆ ಒಂದು ಕೇಬಲ್ ಹೋದರೆ ಎರಡು ನಿಮಿಷ ಕೌಂಟರ್‌ಗಳೆಲ್ಲ ಸುಮ್ನೆ ನಿಂತಿರಬಹುದು. ಎಲ್ಲ ದಾರಿಯೂ ಹೋದಾಗ ಕೊನೆಯಿಲ್ಲದೆ ಕಾಯುವ ಕ್ಯೂ ಸೆಟ್ಟಿಂಗ್ ಇಡಬೇಡಿ. ಕೆಲವು ಸಲ ಪ್ರಯತ್ನಿಸಿ ಎರರ್ ಕೊಡಲಿ. ಎರರ್ ಬಂದರೆ ಮಾತ್ರ ಕ್ಲಸ್ಟರ್‌ಗೆ ಮುಂದಿನ ದಾರಿ ಹಿಡಿಯಲು ಆಗುತ್ತದೆ.

ಎಲ್‌ವಿಎಂ (ಡಿಸ್ಕ್ ಜಾಗವನ್ನು ಗುಂಪು ಮಾಡಿ ಹಂಚುವ ಲಿನಕ್ಸ್ ವ್ಯವಸ್ಥೆ) ಕಾನ್ಫಿಗ್‌ನಲ್ಲಿ ಎರಡೂ ಕಡೆ ಸಿಸ್ಟಮ್ ಐಡಿ ಮೂಲವನ್ನು ಯೂನೇಮ್ ಅಂತ ಮಾಡಿ, ಆಗ ಆ ಗುಂಪು ಯಾವ ಸರ್ವರ್‌ನದು ಅಂತ ಅದರ ಹೆಸರಿನಿಂದ ಗುರುತಾಗುತ್ತದೆ. ವಾಲ್ಯೂಮ್ ಗ್ರೂಪನ್ನು ಒಂದೇ ಸರ್ವರ್‌ನಿಂದ ರಚಿಸಿ, ಆಟೋ-ಆಕ್ಟಿವೇಶನ್ ಬೇಡ ಅಂತ ಹೇಳಿ. ರಾಕಿ 9ರಲ್ಲಿ ಒಂದು ಮರೆಯುವ ಹೆಜ್ಜೆ ಇದೆ. ಎರಡನೇ ಸರ್ವರ್‌ನಲ್ಲಿ ಎಲ್‌ವಿಎಂ-ಡಿವೈಸಸ್ ಕಮಾಂಡ್‌ನಿಂದ ಆ ಡಿಸ್ಕನ್ನು ಸೇರಿಸದಿದ್ದರೆ ಅದಕ್ಕೆ ವಾಲ್ಯೂಮ್ ಗ್ರೂಪ್ ಕಾಣುವುದೇ ಇಲ್ಲ. ಬೂಟ್ ಆಗುವಾಗ ಮೌಂಟ್ ಆಗುವ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಈ ಡಿಸ್ಕಿನ ಸಾಲು ಬರೆಯಲೇಬೇಡಿ. ಮೌಂಟ್ ಮಾಡೋದು ಪೇಸ್‌ಮೇಕರ್‌ನ ಕೆಲಸ.

ಪೋಸ್ಟ್‌ಗ್ರೆಸ್

ಎರಡೂ ಕಡೆ ಅದೇ ಆವೃತ್ತಿ ಹಾಕಿ, ಆಪರೇಟಿಂಗ್ ಸಿಸ್ಟಮ್ ಕೂಡ ಅದೇ ಆವೃತ್ತಿ ಇರಲಿ. ಅಕ್ಷರಗಳ ಅನುಕ್ರಮವನ್ನು ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯಿಂದ ತಗೊಳ್ಳುತ್ತದೆ, 2018ರಲ್ಲಿ ಬಂದ ಜಿಲಿಬ್‌ಸಿ 2.28 ಆ ಅನುಕ್ರಮವನ್ನೇ ಬದಲಿಸಿತು. ಒಂದು ಸರ್ವರ್ ಹಳೆಯದು, ಇನ್ನೊಂದು ಹೊಸದು ಅಂತಿದ್ದರೆ ಫೇಲ್‌ಓವರ್ ಆದ ಮೇಲೆ ಗ್ರಾಹಕರ ಹೆಸರಿನ ಇಂಡೆಕ್ಸ್ ತಪ್ಪುತ್ತದೆ, ಪಾಟೀಲರ ಖಾತೆ ಇದ್ದರೂ ಹುಡುಕಿದರೆ ಇಲ್ಲ ಅನ್ನುತ್ತದೆ.

ಇನಿಟ್‌ಡಿಬಿ (ಹೊಸ ಡೇಟಾಬೇಸ್ ಜಾಗ ಸಿದ್ಧ ಮಾಡುವ ಕಮಾಂಡ್) ಒಂದೇ ಸಲ, ಒಂದೇ ಸರ್ವರ್‌ನಿಂದ, ಹಂಚಿಕೊಂಡ ಡಿಸ್ಕಿನ ಮೇಲೆ. ಡಿಸ್ಕಿನಲ್ಲಿ ಡೇಟಾ ಕೆಟ್ಟರೆ ಹಿಡಿಯುವ ಚೆಕ್‌ಸಮ್ ಆನ್ ಇರಲಿ. 18ನೇ ಆವೃತ್ತಿಯಿಂದ ಅದು ತಾನಾಗಿಯೇ ಆನ್ ಇರುತ್ತದೆ, ಹಿಂದಿನವುಗಳಲ್ಲಿ ನೀವೇ ಹೇಳಬೇಕು. ಡೇಟಾ ಫೋಲ್ಡರ್ ಮೌಂಟ್ ಜಾಗದ ಒಳಗೆ ಒಂದು ಮೆಟ್ಟಿಲು ಕೆಳಗೆ ಇರಲಿ, ಆಗ ಡಿಸ್ಕ್ ಮೌಂಟ್ ಆಗದಿದ್ದ ದಿನ ಪೋಸ್ಟ್‌ಗ್ರೆಸ್ ಖಾಲಿ ಜಾಗ ನೋಡಿ ಅಲ್ಲೇ ನಿಲ್ಲುತ್ತದೆ. ಬರೆದದ್ದು ಡಿಸ್ಕಿಗೆ ತಲುಪಿತು ಅಂತ ಖಾತ್ರಿ ಮಾಡಿಕೊಳ್ಳುವ ಎಫ್‌ಸಿಂಕ್ ಯಾವ ಕಾರಣಕ್ಕೂ ಆಫ್ ಮಾಡಬೇಡಿ. ಕೊನೆಗೆ, ಬೂಟ್ ಆದಾಗ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯಲ್ಲಿ ಪೋಸ್ಟ್‌ಗ್ರೆಸ್ ಸರ್ವಿಸನ್ನು ಎರಡೂ ಕಡೆ ಡಿಸೇಬಲ್ ಮಾಡಿ, ಅದನ್ನು ಎಬ್ಬಿಸೋದೂ ಪೇಸ್‌ಮೇಕರ್‌ನ ಕೆಲಸ.

ಫೆನ್ಸಿಂಗ್

ಇಲ್ಲಿ ಆತುರ ಬೇಡ. ಕ್ಲಸ್ಟರ್ ಕಟ್ಟೋದು ಅಷ್ಟೇನೂ ಕಷ್ಟವಿಲ್ಲ: ಎಚ್‌ಎ-ಕ್ಲಸ್ಟರ್ ಯೂಸರ್‌ಗೆ ಪಾಸ್‌ವರ್ಡ್ ಕೊಡಿ, ಪಿಸಿಎಸ್ ಅನ್ನುವ ಕ್ಲಸ್ಟರ್ ಕಮಾಂಡ್‌ನಿಂದ ಹೋಸ್ಟ್ ಆಥ್ ಮಾಡಿ (ಎರಡು ಸರ್ವರ್‌ಗಳ ಗುರುತು ಒಪ್ಪಿಸಿ), ಎರಡು ಲಿಂಕ್ ಹೆಸರಿಸಿ ಸೆಟಪ್ ಮಾಡಿ, ಶುರು ಮಾಡಿ. ಎರಡೇ ನೋಡ್ (ಕ್ಲಸ್ಟರ್‌ನ ಸರ್ವರ್) ಅಂದ ತಕ್ಷಣ ಅದು ಟೂ-ನೋಡ್ ಮೋಡ್ ಹಾಕಿಕೊಳ್ಳುತ್ತದೆ. ಆಮೇಲೆ ಫೆನ್ಸಿಂಗ್ ಇಲ್ಲದೆ ರಿಸೋರ್ಸ್ (ಕ್ಲಸ್ಟರ್ ನಡೆಸುವ ಡಿಸ್ಕ್, ಐಪಿ, ಡೇಟಾಬೇಸ್) ಏಳುವುದಿಲ್ಲ ಅಂತ ಗೊತ್ತಾದಾಗ, ಸ್ಟೋನಿತ್-ಎನೇಬಲ್ಡ್ ಫಾಲ್ಸ್ ಮಾಡಿ, ಅಂದರೆ ಫೆನ್ಸಿಂಗ್ ಆಫ್ ಮಾಡಿ, ಮುಂದೆ ಹೋಗಿ ಅಂತ ಹೇಳುವವರು ಸಿಗುತ್ತಾರೆ. ಕೇಳಬೇಡಿ. ಹಂಚಿಕೊಂಡ ಸ್ಟೋರೇಜ್ ಮೇಲೆ ಫೆನ್ಸಿಂಗ್ ಇಲ್ಲದ ಕ್ಲಸ್ಟರ್‌ಗಿಂತ ಒಂದೇ ಸರ್ವರ್ ಇಟ್ಟುಕೊಂಡಿರೋದು ವಾಸಿ. ಒಂದೇ ಸರ್ವರ್ ಆದರೆ ಬಂದ್ ಆಗುತ್ತದೆ ಅಷ್ಟೇ, ಜನರ ಠೇವಣಿ ಲೆಕ್ಕ ಹಾಳಾಗುವುದಿಲ್ಲ.

ಮೊದಲ ಹಂತ, ಸರ್ವರ್‌ನ ಒಳಗೇ ಇದ್ದು ದೂರದಿಂದ ಪವರ್ ಆನ್-ಆಫ್ ಮಾಡಲು ಬಿಡುವ ಸಣ್ಣ ಕಂಪ್ಯೂಟರ್ ಬಿಎಂಸಿ, ಅಂದರೆ ಐಲೋ, ಐಡ್ರ್ಯಾಕ್ ಇಂಥವು. ಫೆನ್ಸ್ ಐಪಿಎಂಐ-ಲ್ಯಾನ್ ಏಜೆಂಟ್ ಇದರ ಮೂಲಕ ಪಕ್ಕದ ಸರ್ವರ್‌ನ ಪವರ್ ತೆಗೆಯುತ್ತದೆ. ಪವರ್ ಬಟನ್ ಒತ್ತಿದಾಗ ಲಿನಕ್ಸ್ ಸಾವಕಾಶ ಶಟ್‌ಡೌನ್ ಮಾಡಲು ಹೋಗಬಾರದು, ಅದಕ್ಕೆ ಲಾಗಿನ್‌ಡಿ ಕಾನ್ಫಿಗ್‌ನಲ್ಲಿ ಪವರ್ ಕೀಯನ್ನು ಇಗ್ನೋರ್ ಮಾಡಿ. ಈ ಹಂತಕ್ಕೆ ಒಂದು ಕೊರತೆ ಇದೆ. ಒಂದು ಸರ್ವರ್‌ಗೆ ಕರೆಂಟ್ ಪೂರ್ತಿ ಹೋದರೆ ಅದರ ಬಿಎಂಸಿಯೂ ಸಾಯುತ್ತದೆ, ಉತ್ತರ ಬರುವುದಿಲ್ಲ, ಫೆನ್ಸಿಂಗ್ ಆಯಿತು ಅಂತ ಖಾತ್ರಿಯಾಗದೆ ಕ್ಲಸ್ಟರ್ ಕಾಯುತ್ತ ನಿಲ್ಲುತ್ತದೆ. ಹಾಗಾಗಿ ಎರಡನೇ ಹಂತ ಬೇಕೇ ಬೇಕು. ಫೆನ್ಸ್ ಎಂಪಾಥ್ ಏಜೆಂಟ್ ಹಾಕಿ, ಎರಡು ನೋಡ್‌ಗೂ ಬೇರೆ ಬೇರೆ ರಿಸರ್ವೇಶನ್ ಕೀ ಕೊಡಿ. ಇದು ಸ್ಟೋರೇಜ್ ಕಡೆಯಿಂದಲೇ ಕೆಟ್ಟ ನೋಡ್‌ನ ಕೀ ಕಿತ್ತು ಹಾಕುತ್ತದೆ, ಆಮೇಲೆ ಅದು ಬದುಕಿದ್ದರೂ ಡಿಸ್ಕಿಗೆ ಬರೆಯಲು ಆಗುವುದಿಲ್ಲ.

ಇನ್ನೊಂದು ಅಪಾಯ, ಹಾರ್ಟ್‌ಬೀಟ್ ಎರಡೂ ಹೋದರೆ ಎರಡು ಸರ್ವರ್‌ಗಳೂ ಒಂದೇ ಕ್ಷಣಕ್ಕೆ ಒಂದನ್ನೊಂದು ಆಫ್ ಮಾಡಿಬಿಡಬಹುದು. ಒಂದು ನೋಡ್‌ನ ಫೆನ್ಸ್ ಸಾಧನಕ್ಕೆ ಕೆಲವು ಸೆಕೆಂಡ್ ಡಿಲೇ ಬೇಸ್ ಕೊಟ್ಟರೆ ಆ ನೋಡ್ ಉಳಿಯುತ್ತದೆ. ಇನ್ನೂ ಗಟ್ಟಿ ಬೇಕೆಂದರೆ ಮೂರನೇ ಸಣ್ಣ ಮಷಿನ್ ಒಂದನ್ನು ಕೋರಮ್ ಡಿವೈಸ್, ಅಂದರೆ ಯಾರು ಉಳಿಯಬೇಕು ಅಂತ ಮೂರನೇ ಮತ ಹಾಕುವ ಮಷಿನ್, ಮಾಡಿ. ಅದು ಧಾರವಾಡ ಶಾಖೆಯಲ್ಲೇ ಕೂತಿರಬಹುದು, ಪೋರ್ಟ್ 5403 ಸಿಕ್ಕರೆ ಸಾಕು.

ರಿಸೋರ್ಸ್ ಗ್ರೂಪ್

ಒಂದು ಗ್ರೂಪ್, ಅದರಲ್ಲಿ ಈ ಅನುಕ್ರಮ: ಎಲ್‌ವಿಎಂ-ಆಕ್ಟಿವೇಟ್, ಫೈಲ್‌ಸಿಸ್ಟಮ್, ತೇಲುವ ಐಪಿ (ಡೇಟಾಬೇಸ್ ಓಡುವ ಸರ್ವರ್‌ಗೇ ಹೋಗುವ ವಿಳಾಸ), ಕೊನೆಗೆ ಪೋಸ್ಟ್‌ಗ್ರೆಸ್. ನಿಲ್ಲುವಾಗ ಉಲ್ಟಾ. ಅಪ್ಲಿಕೇಶನ್‌ಗಳು, ಶಾಖೆಗಳು, ಪಿಗ್ಮಿ ಮಷಿನ್ ಏರಿಸುವ ಪಿಸಿ ಎಲ್ಲವೂ ಆ ತೇಲುವ ಐಪಿಗೇ ಬರಬೇಕು, ಅವುಗಳಲ್ಲಿ ಸರ್ವರ್‌ನ ಸ್ವಂತ ಐಪಿ ಎಲ್ಲೂ ಬರೆದಿರಬಾರದು.

ಫೈಲ್‌ಸಿಸ್ಟಮ್ ಏಜೆಂಟ್ ಸುಮ್ನೆ ಬಿಟ್ಟರೆ ಮೌಂಟ್ ಆಗಿದೆಯೋ ಇಲ್ಲವೋ ಅಷ್ಟೇ ನೋಡುತ್ತದೆ. ಮಾನಿಟರ್‌ನ ಚೆಕ್ ಲೆವೆಲ್ 20 ಮಾಡಿದರೆ ನಿಜವಾಗಿ ಬರೆದು ನೋಡುತ್ತದೆ. ಪೋಸ್ಟ್‌ಗ್ರೆಸ್‌ನ ಸ್ಟಾರ್ಟ್ ಟೈಮ್‌ಔಟ್ ಧಾರಾಳವಾಗಿ ಇಡಿ. ಕ್ರ್ಯಾಶ್ ಆದ ಮೇಲೆ ಅದು ಕೊನೆಯ ಚೆಕ್‌ಪಾಯಿಂಟ್‌ನಿಂದ ವಾಲ್ (ಬದಲಾವಣೆಗಳನ್ನು ಮೊದಲೇ ಬರೆದಿಡುವ ಲಾಗ್) ಓದಿಕೊಂಡು ಬರಬೇಕು, ಅರ್ಧದಲ್ಲಿ ಟೈಮ್‌ಔಟ್ ಆದರೆ ಕ್ಲಸ್ಟರ್ ಅದನ್ನು ಮತ್ತೆ ಕೆಡವುತ್ತದೆ. ಸ್ಟಿಕಿನೆಸ್ (ಇದ್ದಲ್ಲೇ ಇರು ಅನ್ನುವ ಅಂಕ) 100 ಕೊಡಿ, ಇಲ್ಲದಿದ್ದರೆ ಕೆಟ್ಟ ಸರ್ವರ್ ಸರಿಯಾಗಿ ಬಂದ ತಕ್ಷಣ ನಡುಹಗಲಲ್ಲೇ ಡೇಟಾಬೇಸ್ ವಾಪಸ್ ಓಡಿ ಎಲ್ಲರ ಕನೆಕ್ಷನ್ ಕಡಿಯಬಹುದು. ಬೂಟ್ ಆದ ಕೂಡಲೇ ಕ್ಲಸ್ಟರ್ ತಾನಾಗಿ ಶುರುವಾಗೋದು ನನಗೆ ಇಷ್ಟವಿಲ್ಲ, ಫೆನ್ಸ್ ಆದ ಸರ್ವರನ್ನು ಯಾರಾದರೂ ಲಾಗ್ ನೋಡಿ ಆಮೇಲೆ ಸೇರಿಸಲಿ.

ಅಪ್ಲಿಕೇಶನ್ ಬರೆದವರ ಜೊತೆಗೂ ಕೂತು ಮಾತಾಡಿ. ಫೇಲ್‌ಓವರ್ ಆದಾಗ ಕಮಿಟ್ ಆಗದ ವ್ಯವಹಾರ ಹೋಗುತ್ತದೆ, ಕನೆಕ್ಷನ್ ಮತ್ತೆ ಹಿಡಿಯಬೇಕು. ಪಿಗ್ಮಿ ಏರಿಸುವಾಗ ಕಮಿಟ್ ಆಗಿ ಉತ್ತರ ಮಾತ್ರ ತಲುಪದಿದ್ದರೆ ಏಜೆಂಟ್ ಇನ್ನೊಮ್ಮೆ ಏರಿಸುತ್ತಾರೆ. ಏಜೆಂಟ್ ನಂಬರ್, ರಸೀದಿ ನಂಬರ್, ದಿನಾಂಕ ಮೂರೂ ಸೇರಿ ಯೂನಿಕ್ ಇದ್ದರೆ ಅದೇ ಐವತ್ತು ರೂಪಾಯಿ ಎರಡು ಸಲ ಜಮಾ ಆಗುವುದಿಲ್ಲ.

ಕೆಡವಿ ನೋಡಿ

ಭಾನುವಾರ ಮಾಡಿ. ಒಂದು ಸ್ಕ್ರಿಪ್ಟ್ ತೇಲುವ ಐಪಿಗೆ ಕನೆಕ್ಟ್ ಆಗಿ ಸೆಕೆಂಡಿಗೊಂದು ನಂಬರ್ ಸೇರಿಸುತ್ತಾ, ಕಮಿಟ್ ಆದದ್ದನ್ನು ತನ್ನ ಕಡೆ ಬರೆದಿಟ್ಟುಕೊಳ್ಳುತ್ತಾ ಇರಲಿ. ಈಗ ಪೋಸ್ಟ್‌ಗ್ರೆಸ್ ಪ್ರೊಸೆಸ್ ಕೊಲ್ಲಿ, ಅದು ಅಲ್ಲೇ ಮತ್ತೆ ಏಳಬೇಕು. ಕರ್ನೆಲ್ ಕ್ರ್ಯಾಶ್ ಮಾಡಿ. ಎರಡೂ ಹಾರ್ಟ್‌ಬೀಟ್ ಕೇಬಲ್ ಕೀಳಿ. ಸ್ಟೋರೇಜ್‌ನ ಒಂದು ಕೇಬಲ್ ಕೀಳಿ, ಆಮೇಲೆ ಎರಡೂ ಕೀಳಿ. ಕೊನೆಗೆ ಓಡುತ್ತಿರುವ ಸರ್ವರ್‌ನ ಎರಡೂ ಪವರ್ ಕೇಬಲ್ ಒಟ್ಟಿಗೇ ಕೀಳಿ. ಎರಡನೇ ಹಂತದ ಫೆನ್ಸಿಂಗ್ ಇದೆಯೋ ಇಲ್ಲವೋ ಇದೊಂದರಲ್ಲೇ ತಿಳಿಯುತ್ತದೆ. ಪ್ರತಿ ಸಲ ಸ್ಕ್ರಿಪ್ಟ್ ಬರೆದಿಟ್ಟ ನಂಬರೆಲ್ಲ ಟೇಬಲ್‌ನಲ್ಲಿ ಇವೆಯಾ ಅಂತ ತಾಳೆ ನೋಡಿ, ಎಷ್ಟು ಸೆಕೆಂಡ್ ಗ್ಯಾಪ್ ಬಿತ್ತು ಅಂತ ಬರೆದು ಮ್ಯಾನೇಜರ್‌ಗೆ ಕೊಡಿ.

ಎರಡೂ ಹಂತ ಸೋತರೆ ಪಿಸಿಎಸ್ ಸ್ಟೋನಿತ್ ಕನ್ಫರ್ಮ್ ಅನ್ನುವ ಕಮಾಂಡ್ ಇದೆ. ಆ ಸರ್ವರ್ ಸತ್ತಿದೆ, ನಾನು ಕಣ್ಣಾರೆ ನೋಡಿದೆ ಅಂತ ಕ್ಲಸ್ಟರ್‌ಗೆ ಮಾತು ಕೊಡುವುದು ಅದು. ಮನೆಯಲ್ಲಿ ಕೂತು ಫೋನ್‌ನಲ್ಲಿ ಕೇಳಿ ಅದನ್ನು ಹೊಡೆಯಬೇಡಿ. ರ್‍ಯಾಕ್ ಮುಂದೆ ನಿಂತವರು ಪವರ್ ಕೇಬಲ್ ಕಿತ್ತು ಕೈಯಲ್ಲಿ ಹಿಡಿದಿದ್ದೇನೆ ಅಂದ ಮೇಲೆ ಮಾತ್ರ.

ಇಷ್ಟೆಲ್ಲ ಆದರೂ ಡೇಟಾ ಇರುವುದು ಒಂದೇ ಸ್ಟೋರೇಜ್‌ನಲ್ಲಿ. ಅದೇ ಸುಟ್ಟರೆ ಎರಡು ಸರ್ವರ್ ಇದ್ದೂ ಪ್ರಯೋಜನವಿಲ್ಲ, ಯಾವ ಸಾಲು ಅಂತ ಹೇಳುವ ವೇರ್ (WHERE) ಹಾಕದೆ ಯಾರೋ ಡಿಲೀಟ್ ಹೊಡೆದರೂ ಅಷ್ಟೇ. ರಾತ್ರಿ ಬೇಸ್ ಬ್ಯಾಕಪ್ ತೆಗೆಯಿರಿ, ವಾಲ್ ಫೈಲ್‌ಗಳನ್ನು ಬೇರೆ ಕಟ್ಟಡಕ್ಕೆ ಕಳಿಸಿ. ಧಾರವಾಡ ಇಪ್ಪತ್ತೇ ಕಿಲೋಮೀಟರ್, ಅಲ್ಲಿ ಶಾಖೆ ಇದ್ದರೆ ಡೇಟಾದ ಪ್ರತಿ ಇಟ್ಟುಕೊಂಡ ಒಂದು ಸ್ಟ್ಯಾಂಡ್‌ಬೈ ಸರ್ವರ್ ಕೂಡ ಇಡಬಹುದು. ಬ್ಯಾಕಪ್‌ನಿಂದ ವಾಪಸ್ ತಂದು ಠೇವಣಿ ಮೊತ್ತ ತಾಳೆ ನೋಡುವ ಕೆಲಸವೂ ತಿಂಗಳಿಗೊಮ್ಮೆ ಆಗಲಿ.

ಅಪ್‌ಡೇಟ್ ಮಾಡುವಾಗ ಮೊದಲು ಖಾಲಿ ಕೂತ ನೋಡನ್ನು ಕ್ಲಸ್ಟರ್‌ನ ಸ್ಟ್ಯಾಂಡ್‌ಬೈ ಸ್ಥಿತಿಗೆ (ಅದರ ಮೇಲೆ ಏನೂ ಓಡದ ಹಾಗೆ) ಹಾಕಿ, ಪ್ಯಾಚ್ ಮಾಡಿ, ರೀಬೂಟ್ ಮಾಡಿ, ಸೇರಿಸಿ. ಡೇ-ಎಂಡ್ ಮುಗಿದ ಮೇಲೆ ಗ್ರೂಪನ್ನು ಅದಕ್ಕೆ ಸರಿಸಿ, ಆಮೇಲೆ ಇನ್ನೊಂದನ್ನು ಮಾಡಿ. ಎರಡರಲ್ಲೂ ಪೋಸ್ಟ್‌ಗ್ರೆಸ್ ಮತ್ತು ಜಿಲಿಬ್‌ಸಿ ಆವೃತ್ತಿ ಒಂದೇ ಇದೆಯಾ ಅಂತ ಅದೇ ರಾತ್ರಿ ನೋಡಿ, ಮಾರನೇ ದಿನಕ್ಕೆ ಬಿಡಬೇಡಿ.