ನೀರು ಕುಡಿಯದ ಬೆನ್ನುಚೀಲ: ಬೇಟೆಗಾರರು ಚೀಲದ ಬಟ್ಟೆ ಆಯ್ದುಕೊಳ್ಳುವುದು ಹೇಗೆ?

ಪರವಾನಗಿ ಪಡೆದು ದಟ್ಟ ಕಾಡಿನೊಳಗೆ ನಾಲ್ಕೈದು ದಿನದ ಬೇಟೆಗೆ ಹೊರಡುವವರು ಬೆನ್ನುಚೀಲ ಕೊಳ್ಳುವಾಗ ಸಾಮಾನ್ಯವಾಗಿ ಮೊದಲು ಕೇಳುವುದು, ‘ಇದು ವಾಟರ್‌ಪ್ರೂಫಾ?’ ಎಂದು. ಆ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳಿ. ‘ಈ ಬಟ್ಟೆ ಮಳೆಯಲ್ಲಿ ಎಷ್ಟು ನೀರು ಕುಡಿಯುತ್ತದೆ?’ ಎಂದು ಕೇಳಿದರೆ ಆಯ್ಕೆ ಸುಲಭವಾಗುತ್ತದೆ.

ಕಾರಣವಿದೆ. ಹೊಲಿದ ಚೀಲದ ತುಂಬ ಸೂಜಿ ತೂತುಗಳಿರುತ್ತವೆ. ಜಿಪ್‌ಗಳಿರುತ್ತವೆ. ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಜಡಿಮಳೆ ಹೇಗಾದರೂ ದಾರಿ ಹುಡುಕಿಕೊಂಡು ಒಳಗೆ ಬರುತ್ತದೆ. ಆದರೆ ಬಟ್ಟೆಯೇ ನೀರು ಹೀರಿಕೊಂಡರೆ ತೊಂದರೆ ದೊಡ್ಡದು: ಒಂದು ಲೀಟರ್ ನೀರೆಂದರೆ ಒಂದು ಕಿಲೋ ಭಾರ. ಮಾಂಸ ಹೊತ್ತು ಹಿಂದಿರುಗುವ ದಿನ ಆ ಹೆಚ್ಚುವರಿ ಭಾರ ಮೊಣಕಾಲಿಗೆ ಗೊತ್ತಾಗುತ್ತದೆ. ಹಾಗಾಗಿ ಚೀಲದ ಬಟ್ಟೆ ನೀರನ್ನು ಹೊರಗೇ ಜಾರಿಸುವಂತಿರಲಿ. ಮಲಗುವ ಚೀಲ, ಒಣ ಬಟ್ಟೆಗಳಂಥ ಒದ್ದೆಯಾಗಲೇಬಾರದ ವಸ್ತುಗಳಿಗೆ ಒಳಗೆ ಪ್ರತ್ಯೇಕವಾದ ಡ್ರೈಬ್ಯಾಗ್ (ನೀರು ನುಗ್ಗದ ಚೀಲ) ಇರಲಿ.

ಮೊದಲು ನೂಲು ನೋಡಿ

ಬಟ್ಟೆಯ ವಿವರದಲ್ಲಿ 210ಡಿ, 500ಡಿ, 1000ಡಿ ಎಂದು ಬರೆದಿರುತ್ತದೆ. ಇದು ಡೆನಿಯರ್ ಲೆಕ್ಕ. 9,000 ಮೀಟರ್ ಉದ್ದದ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. ಅಂಕಿ ದೊಡ್ಡದಾದಂತೆ ನೂಲು ದಪ್ಪ, ಚೀಲ ಭಾರ, ಬಾಳಿಕೆ ಹೆಚ್ಚು. ಬಂಡೆ, ಮುಳ್ಳುಕಂಟಿಗಳ ನಡುವೆ ಓಡಾಡುವವರಿಗೆ ಕಾರ್ಡುರಾ (ಉಜ್ಜಾಟ ತಾಳುವ ಗಟ್ಟಿ ಬಟ್ಟೆಯ ಬ್ರ್ಯಾಂಡ್) ಮಾದರಿಯ 500ಡಿ ನೈಲಾನ್ ಹದವಾದ ಆಯ್ಕೆ. 1000ಡಿ ಬಟ್ಟೆಯನ್ನು ತಳಕ್ಕೆ ಮಾತ್ರ ಬಳಸಿದರೆ ಸಾಕು. 210ಡಿ ಹಗುರ. ಆದರೆ ಮುಳ್ಳುಪೊದೆಯಲ್ಲಿ ನುಸುಳುವವರು ಅದನ್ನೇ ಇಡೀ ಚೀಲಕ್ಕೆ ನೆಚ್ಚಿಕೊಳ್ಳದಿರುವುದು ಒಳ್ಳೆಯದು.

ನೈಲಾನ್ ಉಜ್ಜಾಟವನ್ನು ಚೆನ್ನಾಗಿ ತಾಳುತ್ತದೆ, ಆದರೆ ನೂಲಿನೊಳಗೇ ತುಸು ತೇವ ಎಳೆದುಕೊಳ್ಳುತ್ತದೆ. ಸಾಮಾನ್ಯ ಹವೆಯಲ್ಲಿ ಅದರ ತೇವಾಂಶ ಸುಮಾರು ಶೇ 4. ಪಾಲಿಯೆಸ್ಟರ್‌ನಲ್ಲಿ ಅದು ಶೇ 0.4ರಷ್ಟು ಮಾತ್ರ. ಬಿಸಿಲಿಗೂ ಪಾಲಿಯೆಸ್ಟರ್ ಹೆಚ್ಚು ಕಾಲ ತಡೆಯುತ್ತದೆ. ಇಷ್ಟಾದರೂ ಬೇಟೆಯ ಚೀಲಕ್ಕೆ ನನ್ನ ಮತ ನೈಲಾನ್‌ಗೇ. ಮಾಂಸದ ಹೊರೆ ಹೊತ್ತು ಬಂಡೆಗೆ ಒರಸಿಕೊಂಡು ಇಳಿಯುವಾಗ ಬಟ್ಟೆ ಹರಿಯದಿರುವುದೇ ಮುಖ್ಯ.

ಲೇಪನ ಯಾವುದು?

ನೀರನ್ನು ನಿಜವಾಗಿ ತಡೆಯುವುದು ನೂಲಿಗಿಂತ ಅದರ ಮೇಲಿನ ಲೇಪನ. ಹೆಚ್ಚಿನ ಚೀಲಗಳ ಒಳಮೈಗೆ ಪಾಲಿಯುರೆಥೇನ್ ಬಳಿದಿರುತ್ತಾರೆ. ಇದು ಅಗ್ಗ, ಹೊಲಿಗೆಯ ಮೇಲೆ ಟೇಪ್ ಅಂಟಿಸಲೂ ಬರುತ್ತದೆ. ಆದರೆ ತೇವದಲ್ಲಿ ಬಹುಕಾಲ ಬಿದ್ದರೆ ಲೇಪನ ಕರಗಿ ಅಂಟಂಟಾಗುತ್ತದೆ, ಕೆಟ್ಟ ವಾಸನೆ ಬರುತ್ತದೆ, ಕೊನೆಗೆ ಹೊಪ್ಪಳೆಯಾಗಿ ಉದುರುತ್ತದೆ. ಸಿಲಿಕೋನ್ ಲೇಪನ ಇದಕ್ಕಿಂತ ದೀರ್ಘಾಯುಷಿ. ಅದರ ಮೇಲೆ ಮಾತ್ರ ಸಾಮಾನ್ಯ ಟೇಪ್ ಹಿಡಿಯುವುದಿಲ್ಲ.

ಮೂರನೆಯದು ಲ್ಯಾಮಿನೇಟ್, ಅಂದರೆ ಪದರಗಳನ್ನು ಒಂದಕ್ಕೊಂದು ಅಂಟಿಸಿದ ಬಟ್ಟೆ. ಎಕ್ಸ್-ಪ್ಯಾಕ್‌ನಂಥ ಬಟ್ಟೆಗಳಲ್ಲಿ ನೈಲಾನ್ ಪದರದ ಹಿಂದೆ ತೆಳುವಾದ ಪಾಲಿಯೆಸ್ಟರ್ ಹಾಳೆ ಇರುತ್ತದೆ. ನೀರು ದಾಟುವುದು ಕಷ್ಟ, ತೂಕವೂ ಕಡಿಮೆ. ಪೂರ್ತಿ ಟಿಪಿಯು (ಬಿಸಿಗೆ ಕರಗಿ ಬೆಸೆದುಕೊಳ್ಳುವ ಪಾಲಿಯುರೆಥೇನ್) ಬಳಿದು, ಹೊಲಿಗೆಯ ಬದಲು ಬೆಸೆದು ಮಾಡಿದ ಚೀಲಗಳೂ ಇವೆ. ನದಿ ದಾಟುವವರಿಗೆ, ದೋಣಿಯಲ್ಲಿ ಹೋಗುವವರಿಗೆ ಅವು ಸರಿ.

ಕಂಪನಿಗಳು ‘1,500 ಮಿ.ಮೀ.’ ಎಂದೆಲ್ಲ ಬರೆಯುವುದು ನೀರಿನ ಒತ್ತಡದ ಪರೀಕ್ಷೆಯ ಅಂಕಿ. ಒಂದೂವರೆ ಮೀಟರ್ ಎತ್ತರ ನಿಂತ ನೀರಿನ ಒತ್ತಡವನ್ನು ಬಟ್ಟೆ ತಡೆದಿದೆ ಎಂದರ್ಥ. ಹೊಸ ಬಟ್ಟೆಯಲ್ಲಿ ಅಳೆದ ಅಂಕಿ ಅದು. ಮಡಚಿ, ಉಜ್ಜಿ, ಕೊಳೆಯಾದ ಮೇಲೆ ಇಳಿಯುತ್ತದೆ.

ಹೊರಮೈಯಲ್ಲಿ ನೀರು ಹನಿಗಟ್ಟಿ ಉರುಳುವಂತೆ ಮಾಡುವ ಇನ್ನೊಂದು ರಾಸಾಯನಿಕ ಪದರವಿದೆ. ಹಿಂದೆ ಇದಕ್ಕೆ ಪಿಎಫ್‌ಎಎಸ್ ಗುಂಪಿನ ಫ್ಲೋರಿನ್ ರಾಸಾಯನಿಕಗಳನ್ನು ಬಳಸುತ್ತಿದ್ದರು. ಇವು ಮಣ್ಣು, ನೀರಿನಲ್ಲಿ ಕೊಳೆಯದೆ ಉಳಿಯುವುದರಿಂದ ಅಮೆರಿಕದ ಕ್ಯಾಲಿಫೋರ್ನಿಯಾದಂಥ ರಾಜ್ಯಗಳು 2025ರಿಂದ ಬಟ್ಟೆಗಳಲ್ಲಿ ಇವನ್ನು ನಿರ್ಬಂಧಿಸಿವೆ. ಹೊಸ ಪದರಗಳು ನೀರನ್ನು ಉರುಳಿಸುತ್ತವೆ, ಎಣ್ಣೆ ಜಿಡ್ಡನ್ನು ಉರುಳಿಸಲಾರವು. ಬೆವರು, ಕೊಬ್ಬು ಮೆತ್ತಿಕೊಂಡ ಜಾಗದಲ್ಲಿ ಬಟ್ಟೆ ನೀರು ಹೀರತೊಡಗುತ್ತದೆ. ಹೀಗಾಗಿ ಬೇಟೆಯ ಚೀಲವನ್ನು ಮೊದಲಿಗಿಂತ ಹೆಚ್ಚು ಬಾರಿ ತೊಳೆಯಬೇಕಾಗುತ್ತದೆ.

ಸದ್ದು ಮಾಡುತ್ತದೆಯೇ?

ಚಾರಣಿಗರಿಗೂ ಬೇಟೆಗಾರರಿಗೂ ದಾರಿ ಬೇರೆಯಾಗುವುದು ಇಲ್ಲಿ. ಜಿಂಕೆ ಜಾತಿಯ ಪ್ರಾಣಿಗಳು ಮನುಷ್ಯನ ಕಿವಿಗೆ ಎಟುಕದ, 20 ಕಿಲೋಹರ್ಟ್ಸ್‌ಗಿಂತ ಮೇಲಿನ ಸದ್ದನ್ನೂ ಕೇಳಿಸಿಕೊಳ್ಳುತ್ತವೆ. ಒಂದು ಒಣ ಕಡ್ಡಿ ಲ್ಯಾಮಿನೇಟ್ ಬಟ್ಟೆಗೆ ತಗುಲಿದರೆ ಸಾಕು, ಹಪ್ಪಳ ಮುರಿದಂಥ ಸದ್ದು. ಚಳಿ ಹೆಚ್ಚಾದಂತೆ ಲೇಪನ ಬಿರುಸಾಗುತ್ತದೆ, ಸದ್ದೂ ಏರುತ್ತದೆ. ನೀರು ತಡೆಯುವುದರಲ್ಲಿ ಮೇಲುಗೈಯಾದ ಬಟ್ಟೆಗಳೇ ಹೆಚ್ಚಾಗಿ ಗಲಾಟೆಯವು, ಇದನ್ನು ಮೊದಲೇ ತಿಳಿದಿರಬೇಕು.

ಅದಕ್ಕೆ ವಿರುದ್ಧವಾದ ತುದಿಯಲ್ಲಿ ಉಣ್ಣೆಯಂತೆ ಮೃದುವಾದ ಫ್ಲೀಸ್ ಮೈಯ ಚೀಲಗಳಿವೆ. ಪೂರ್ಣ ಮೌನ. ಆದರೆ ಮಳೆ ಬಂದರೆ ನೀರನ್ನು ತುಂಬಿಕೊಳ್ಳುತ್ತವೆ, ರಾತ್ರಿ ಹಿಮ ಬಿದ್ದರೆ ಕಲ್ಲಾಗುತ್ತವೆ, ಅಂಟುಬೀಜಗಳನ್ನೆಲ್ಲ ಮೈಗೆ ಹಚ್ಚಿಕೊಳ್ಳುತ್ತವೆ. ಮರದ ಮೇಲೋ ಮರೆಯಲ್ಲೋ ಕುಳಿತು ಸಂಜೆಗೆ ಮರಳುವವರಿಗೆ ಸರಿ, ಕಾಡಲ್ಲೇ ತಂಗುವವರಿಗೆ ಬೇಡ. ಒರಟು ನೇಯ್ಗೆಯ 500ಡಿ ನೈಲಾನ್ ಎರಡರ ನಡುವೆ ನಿಲ್ಲುತ್ತದೆ.

ಅಂಗಡಿಯಲ್ಲೇ ಉಗುರಿನಿಂದ ಬಟ್ಟೆಯನ್ನು ಗೀರಿ ನೋಡಿ. ಸಾಧ್ಯವಾದರೆ ಅದೇ ಬಟ್ಟೆಯ ತುಂಡೊಂದನ್ನು ಫ್ರೀಜರ್‌ನಲ್ಲಿ ಒಂದು ತಾಸು ಇಟ್ಟು ಹಿಂಡಿ ನೋಡಿ, ಇನ್ನೂ ಸ್ಪಷ್ಟವಾಗುತ್ತದೆ. ಚೀಲದ ಮೇಲೆ ಹೊದಿಸುವ ಮಳೆ ಕವರ್ ಕೂಡ ಸದ್ದಿನ ವಸ್ತುವೇ. ಪೊದೆಗೆ ಸಿಕ್ಕಿ ಹರಿಯುತ್ತದೆ ಬೇರೆ.

ಹೊಲಿಗೆ, ಜಿಪ್

ಚೀಲವನ್ನು ಒಳಗು ಹೊರಗು ಮಾಡಿ ಹೊಲಿಗೆ ನೋಡಿ. ಟೇಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಲೇಪನಕ್ಕೆ ಹೊಂದುವ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ತಂದು ಹಚ್ಚಿಕೊಳ್ಳಬಹುದು. ಜಿಪ್ ಕಡಿಮೆಯಿದ್ದಷ್ಟು ನೀರಿನ ದಾರಿ ಕಡಿಮೆ. ರಬ್ಬರ್ ಮೈಯ ಜಿಪ್‌ಗಳು ಮಳೆಯನ್ನು ನಿಧಾನಗೊಳಿಸುತ್ತವೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಬಾಯನ್ನು ಸುರುಳಿ ಸುತ್ತಿ ಮುಚ್ಚುವ ಚೀಲವೇ ವಾಸಿ. ತಳದಲ್ಲಿ ನೀರು ಬಸಿಯಲು ತೂತಿದ್ದರೆ ಹೆದರಬೇಡಿ, ಒಳಗೆ ಬಂದ ನೀರಿಗೆ ಹೊರಹೋಗಲು ದಾರಿ ಬೇಕು.

ಮಾಂಸ ಹೊರುವ ಲೆಕ್ಕ

ಪೂರ್ತಿ ಜಲನಿರೋಧಕ ಚೀಲ ಮಾಂಸಕ್ಕೆ ಶತ್ರು. ಆಗತಾನೆ ಕೊಯ್ದ ಮಾಂಸದ ಬಿಸಿ ಹೊರಹೋಗಬೇಕು, ಮೇಲ್ಮೈ ಆರಬೇಕು. ಗಾಳಿಯಾಡದ ಚೀಲದಲ್ಲಿ ಗಂಟೆಗಟ್ಟಲೆ ಕಟ್ಟಿಟ್ಟರೆ ಬಿಸಿ, ತೇವ ಎರಡೂ ಉಳಿದು ಬೇಗ ಕೆಡುತ್ತದೆ. ಮಾಂಸವನ್ನು ಗಾಳಿಯಾಡುವ ಹತ್ತಿ ಅಥವಾ ಪಾಲಿಯೆಸ್ಟರ್ ಚೀಲದಲ್ಲಿ ತುಂಬಿ, ಬೆನ್ನುಚೀಲಕ್ಕೂ ಅದರ ಚೌಕಟ್ಟಿಗೂ ನಡುವೆ ಕಟ್ಟಿ ಹೊರುವುದು ಸರಿಯಾದ ಕ್ರಮ. ಚೌಕಟ್ಟಿನಿಂದ ಚೀಲ ಬಿಚ್ಚಿಕೊಳ್ಳುವ ಮಾದರಿಯನ್ನೇ ಕೊಳ್ಳಿ. ಹೊರೆಗೆ ತಾಗುವ ಬಟ್ಟೆ ನುಣುಪಾಗಿ, ಒರೆಸಿದರೆ ರಕ್ತ ಬಿಡುವಂತಿರಬೇಕು. ಫ್ಲೀಸ್ ಅಲ್ಲಿ ಕೂಡದು.

ರಕ್ತದ ಕಲೆಯನ್ನು ತಣ್ಣೀರಿನಲ್ಲೇ ತೊಳೆಯಿರಿ. ಬಿಸಿನೀರು ಬಿದ್ದರೆ ಅದರ ಪ್ರೋಟೀನ್ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ಬಟ್ಟೆಗೆ ಹೊಳಪು ಕೊಡುವ ಪದಾರ್ಥ ಸೇರಿಸಿದ ಡಿಟರ್ಜೆಂಟ್ ಬೇಡ. ಆ ಹೊಳಪು ನೀಲಿ ಬೆಳಕಾಗಿ ಹೊಮ್ಮುತ್ತದೆ, ನೀಲಿ ಜಿಂಕೆಯ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ.

ಕೊಂಡ ಮೇಲೆ

ಕಾಡಿಗೆ ಒಯ್ಯುವ ಮುನ್ನ ಖಾಲಿ ಚೀಲವನ್ನು ತೂಗಿ. ಒಳಗೆ ಹಳೆಯ ಪತ್ರಿಕೆಗಳನ್ನು ತುರುಕಿ ಕಾಲು ಗಂಟೆ ಷವರ್ ಕೆಳಗಿಡಿ. ಹೊರತೆಗೆದು ಒಮ್ಮೆ ಕೊಡವಿ, ಪತ್ರಿಕೆ ತೆಗೆದು ಮತ್ತೆ ತೂಗಿ. ಹೆಚ್ಚಾದ ತೂಕವೇ ಬಟ್ಟೆ, ಪಟ್ಟಿ, ಮೆತ್ತೆಗಳು ಕುಡಿದ ನೀರು. ಎಲ್ಲಿಂದ ಸೋರಿದೆ ಎಂಬುದನ್ನು ಪತ್ರಿಕೆಯ ಒದ್ದೆ ತೋರಿಸುತ್ತದೆ. ಭುಜದ ಪಟ್ಟಿ, ಸೊಂಟದ ಮೆತ್ತೆಗಳ ಸ್ಪಂಜು ಚೀಲಕ್ಕಿಂತ ಹೆಚ್ಚು ನೀರು ಹಿಡಿದಿರುವುದುಂಟು, ಅವನ್ನು ಹಿಂಡಿ ನೋಡಿ. ಪರೀಕ್ಷೆ ಮುಗಿದ ಮೇಲೆ ಎಲ್ಲ ಜಿಪ್ ತೆರೆದು ನೆರಳಿನಲ್ಲಿ ತೂಗುಹಾಕಿ, ಪೂರ್ತಿ ಒಣಗಿದ ಮೇಲಷ್ಟೇ ಮಡಚಿಡಿ.